ನಾಗಪ್ಪನ ಲಾರಿಗೆ ಮೂರು ದೀಪ

ಕೇಳಿ ಗೆಳೆಯರೇ, ಇವತ್ತು ನಾನೇ ಕೂರಿಸಿದ ಸ್ವಿಚ್ ಬೋರ್ಡು ನನ್ನನ್ನು ಚರಂಡಿಗೆ ಕೆಡವುವುದರಲ್ಲಿತ್ತು. ಸಾಗರದ ನಮ್ಮ ಗ್ಯಾರೇಜಿನಲ್ಲಿ ಡ್ರೈವರ್ ನಾಗಪ್ಪನ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿಗೆ ಕಾಡುದಾರಿಯ ಮಂಜಿಗೆಂದು ಮೂರು ಹೆಚ್ಚುವರಿ ಲೈಟು ಹಾಕಿ, ಸ್ಟೀರಿಂಗ್ ಪಕ್ಕದ ಬೋರ್ಡಿಗೆ ತಂತಿ ಎಳೆದಿದ್ದೆ. ಮುಸ್ಸಂಜೆ ಪರೀಕ್ಷೆ ಮಾಡೋಣವೆಂದು ಅವನ ಜೊತೆ ಹೊಸನಗರದ ರಸ್ತೆಗೆ ಹೋದೆ.

ನಾಗಪ್ಪ ಮೊದಲನೆಯ ಸ್ವಿಚ್ ಹಾಕಿದ. ಲೈಟು ಹತ್ತಿತು. ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಕೈ ಮುಗಿಯುವಾಗ ತಿರುವು ಬಂತು. ನಾನೇ ಬಗ್ಗಿ ಸ್ಟೀರಿಂಗ್ ಎಳೆದೆ.

"ಎಂತ ಮಾರಾಯ, ಸಾಯ್ಸ್ತೀಯಾ?" ಎಂದೆ.

"ದೀಪ ಹಚ್ಚಿ ಕೈ ಮುಗೀದೆ ಇರಾಕೆ ಆಗ್ತದಾ ಅಣ್ಣ? ಮನೇಲಿ ನನ್ ಹೆಂಡ್ತೀನೂ ಈಗ ಬುಡ್ಡಿದೀಪ ಹಚ್ಚಿರ್ತಾಳೆ," ಎಂದ.

ಇಲ್ಲೇ ಹತ್ತಿರ ಕರೆಂಟು ತಯಾರಿಸುವ ಆಣೆಕಟ್ಟು ಎದ್ದು ನಿಂತರೂ ಅವನ ಮನೆಗಿನ್ನೂ ಕರೆಂಟು ಬಂದಿಲ್ಲ.

"ಹಚ್ಚೋದಿದ್ರೆ ಲಾರಿ ನಿಲ್ಸಿ ಹಚ್ಚು. ಕೈ ಮುಗ್ದು ಆಮೇಲೆ ಹೊರಡು," ಎಂದೆ. ಒಪ್ಪಿದ.

ಅಲ್ಲೇ ನಿಲ್ಲಿಸಿ, ಮೂರನ್ನೂ ಆರಿಸಿ, ಮತ್ತೆ ಹಚ್ಚಿ, ಕಣ್ಣು ಮುಚ್ಚಿ ಕೈ ಮುಗಿದ. ಅಷ್ಟರಲ್ಲಿ ಎದುರಿನಿಂದ ಒಂದು ಎತ್ತಿನಗಾಡಿ ಬಂತು. ಗಾಡಿಯವನು ನಮ್ಮ ಬೆಳಕು ಕಂಡವನೇ ಹಗ್ಗವನ್ನು ಮಡಿಲಿಗೆ ಹಾಕಿಕೊಂಡು ಕೈ ಮುಗಿದ. ಎತ್ತುಗಳು ತಮ್ಮ ಪಾಡಿಗೆ ಬದಿಗೆ ಸರಿದು ದಾಟಿ ಹೋದವು.

ಲಾರಿಗೂ ಅಷ್ಟು ಬುದ್ಧಿ ಬರಬೇಕಾದರೆ ಯಾವ ತಂತಿಯನ್ನು ಎಲ್ಲಿಗೆ ಕೊಡಬೇಕೋ, ನನಗಂತೂ ಗೊತ್ತಿಲ್ಲ.