ಸೊಂಟದ ಮೇಲೆ ಕೈಯಿಟ್ಟ ದೇವರು

ಮದುವೆಯಾಗಿ ಘಾಟ್ಕೋಪರಿನ ಚಾಳಿಗೆ ಬಂದಾಗ ನನಗೆ ಹತ್ತೊಂಬತ್ತು. ಐವತ್ತರ ದಶಕದ ನಡುವಿನ ಮಾತು. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನಾನು, ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನವರು, ಮತ್ತು ಅತ್ತೆ. ಅಡುಗೆಮನೆಯ ಗೂಡಿನಲ್ಲಿ ಮನೆದೇವರು ಲಕ್ಷ್ಮೀನರಸಿಂಹನ ಪಟ. ತವರಿನಲ್ಲಿ ನಾವು ನಂಜುಂಡೇಶ್ವರನ ಒಕ್ಕಲು. "ಹೆಣ್ಣಿಗೆ ಗೋತ್ರದ ಜೊತೆ ದೇವರೂ ಬದಲಾಗುತ್ತೆ" ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ನಾನು ಬದಲಾಯಿಸಿಕೊಂಡೆ. ಕಷ್ಟವೇನೂ ಆಗಲಿಲ್ಲ.

ಎರಡನೆಯ ವರ್ಷ ಮೈಸೂರಿನಿಂದ ಅಪ್ಪನ ಕಾರ್ಡು ಬಂತು. ಅಮ್ಮನಿಗೆ ಜ್ವರ ಬಿಡುತ್ತಿಲ್ಲ, ಗಾಬರಿ ಬೇಡ ಎಂದಿತ್ತು. ನಾನು ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ನರಸಿಂಹನ ಮುಂದಿಟ್ಟು ಹರಕೆ ಹೊತ್ತೆ. ದಿನವೂ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲೇ ಹನ್ನೊಂದು ಪ್ರದಕ್ಷಿಣೆ. ಆ ಅಡುಗೆಮನೆಯಲ್ಲಿ ಸುತ್ತು ಬರಲು ಜಾಗವಿರಲಿಲ್ಲ, ನಿಂತಲ್ಲೇ ತಿರುಗುತ್ತಿದ್ದೆ. ಹೀಗೆ ಹತ್ತು ದಿನ ಮಾಡಿದ ಮೇಲೆ ಎರಡನೆಯ ಕಾಗದ ಬಂತು. ಅಮ್ಮ ಹೋಗಿ ಹದಿನಾಲ್ಕು ದಿನವಾಗಿತ್ತು. ಅಷ್ಟು ದೂರದಿಂದ ನಾನು ಹೇಗೂ ಮುಟ್ಟಲಾರೆನೆಂದು ಯಾರೂ ತಂತಿ ಕೊಟ್ಟಿರಲಿಲ್ಲ.

ನಾನು ಹರಕೆ ಹೊತ್ತ ದಿನ ಅಮ್ಮ ಇರಲೇ ಇಲ್ಲ. ಇಲ್ಲದವಳು ಹುಷಾರಾಗಲಿ ಎಂದು ಹತ್ತು ದಿನ ಬೇಡಿಕೊಂಡಿದ್ದೆ.

ಇಷ್ಟು ದಿನ ಕಳೆದ ಮೇಲೆ ಸ್ನಾನ ಮಾಡಿದರೆ ಸಾಕು ಎಂದು ಪರಿಚಯದ ಪುರೋಹಿತರು ಹೇಳಿದರು. ಮಾಡಿದೆ. ಆಮೇಲೆ ಹುಳಿಗೆ ಬೇಳೆ ಇಟ್ಟೆ. ಅಳು ಬರಲಿಲ್ಲ. ದೇವರ ಮೇಲೆ ಸಿಟ್ಟೂ ಬರಲಿಲ್ಲ. ನಲ್ಲಿಯಲ್ಲಿ ನೀರು ಬಂದಾಗ ಹೋಗಿ ಹಿಡಿಯುತ್ತಿದ್ದೆ, ನಿಂತಾಗ ಬರುತ್ತಿದ್ದೆ. ಅಕ್ಕಪಕ್ಕದವರು ಏನಾದರೂ ಹೇಳಿದರೆ ಹೂಂ ಅನ್ನುತ್ತಿದ್ದೆ. ತಿಂಗಳೊಪ್ಪತ್ತು ಹೀಗೇ ಕಳೆಯಿತು.

ಒಂದು ಬೆಳಿಗ್ಗೆ ಅತ್ತೆ ಸೊಪ್ಪು ಬಿಡಿಸುತ್ತಾ ಹೇಳಿದರು, "ದೀಪ ಹಚ್ಚುತ್ತೀಯ. ಕೈ ಮುಗಿಯೋದಿಲ್ಲ."

ನನಗೇ ಅದು ಗೊತ್ತಾಗಿರಲಿಲ್ಲ. "ಮರೆತಿರಬೇಕು ಅತ್ತೆ" ಅಂದೆ.

"ಮರೆವಲ್ಲ. ನೋಡ್ತಾನೇ ಇದ್ದೀನಿ." ಅತ್ತೆ ಸೊಪ್ಪನ್ನು ಬದಿಗಿಟ್ಟರು. "ನನ್ನ ತವರಿನ ದೇವರು ಚಾಮುಂಡಿ. ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ದೀಪ ಹಚ್ಚೋದು ನರಸಿಂಹನಿಗೆ, ಒಳಗೆ ಕರೆಯೋದು ಆ ತಾಯೀನ. ನಿಮ್ಮ ಮಾವನವರಿಗೂ ಹೇಳಿರಲಿಲ್ಲ. ನೀನೂ ಒಬ್ಬರನ್ನ ಹುಡುಕಿಕೋ ಮಗು. ದೀಪ ಎಲ್ಲರಿಗೂ ಸೇರಿ ಒಂದೇ ಸಾಕು."

ಮಡಿ ಎಂದರೆ ಮಡಿ ಅನ್ನುತ್ತಿದ್ದ ಹೆಂಗಸು ಹೀಗೆ ಹೇಳಿದ್ದಕ್ಕೆ ನನಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಹೂಂ ಅಂದೆ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ವಾರಕ್ಕೊಂದು ಸಲ ನನ್ನನ್ನು ಹೊರಡಿಸಿದರು. ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿಗೆ ಹೋದೆವು. ಸಮುದ್ರದ ಗಾಳಿಗೆ ಸೆರಗು ಹಿಡಿದುಕೊಂಡು ಸಾಲಿನಲ್ಲಿ ನಿಂತು ನೋಡಿದೆ. ದೇವಿಯ ಮೂಗುತಿ ಚೆನ್ನಾಗಿತ್ತು. ಇನ್ನೊಂದು ವಾರ ಗಣಪತಿ. ಮಾಟುಂಗದಲ್ಲಿ ನಮ್ಮ ಕಡೆಯಂತೆಯೇ ಮಂತ್ರ ಹೇಳುವ ಗುಡಿಗೂ ಹೋದೆವು. ಎಲ್ಲ ಕಡೆಯೂ ದೇವರ ಒಂದು ಕೈ ನಮ್ಮತ್ತ ಚಾಚಿತ್ತು, ಕೊಡುತ್ತೇನೆ, ಹೆದರಬೇಡ ಎನ್ನುವ ಹಾಗೆ. ನನ್ನ ಕಣ್ಣು ಆ ಕೈಯ ಮೇಲೇ ಹೋಗುತ್ತಿತ್ತು. ಅಲ್ಲಿಂದ ತಿರುಗಿ ಬಂದುಬಿಡುತ್ತಿದ್ದೆ.

"ಹೇಗನ್ನಿಸಿತು?" ಎಂದು ಅತ್ತೆ ರೈಲಿನಲ್ಲಿ ಕೇಳುವರು.

"ಏನೂ ಅನ್ನಿಸಲಿಲ್ಲ ಅತ್ತೆ."

"ಇರಲಿ. ಆತುರವೇನಿಲ್ಲ."

ನಮ್ಮ ಚಾಳಿನ ಹಿಂದಿನ ಗಲ್ಲಿಯಲ್ಲೇ ಮರಾಠಿಯವರ ಪುಟ್ಟ ವಿಠೋಬನ ಗುಡಿ ಇತ್ತು. ತರಕಾರಿಗೆ ಹೋಗುವಾಗ ದಿನವೂ ದಾಟುತ್ತಿದ್ದೆವು. ಅದನ್ನು ಅತ್ತೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಜೋರಾಗಿತ್ತು, ನೆರಳಿಗೆಂದು ಒಳಗೆ ಹೋಗಿ ಕೂತೆವು. ಕರಿಯ ಕಲ್ಲಿನ ಗಿಡ್ಡ ದೇವರು. ಎರಡೂ ಕೈ ಸೊಂಟದ ಮೇಲೆ. ಏನನ್ನೂ ಕೊಡುತ್ತೇನೆ ಅನ್ನುತ್ತಿರಲಿಲ್ಲ. ಸುಮ್ಮನೆ ನಿಂತಿದ್ದ.

ಒಳಗಿದ್ದ ಪೂಜಾರಿ ಮರಾಠಿಯಲ್ಲಿ, "ಬನ್ನಿ ಬಾಯಿ, ಪಾದಕ್ಕೆ ತಲೆಯಿಡಿ" ಅಂದರು. ನಮ್ಮ ಕಡೆ ಗರ್ಭಗುಡಿಯ ಹೊಸ್ತಿಲಿಗೂ ಬಿಡುವುದಿಲ್ಲ. ನಾನು ಅತ್ತೆಯ ಮುಖ ನೋಡಿದೆ. "ಹೋಗು" ಅಂದರು. ಬಗ್ಗಿ ಹಣೆಯಿಟ್ಟೆ. ಕಲ್ಲು ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಒಂದು ವಸ್ತು ತಣ್ಣಗಿದೆ ಎಂದು ನನಗೆ ಗೊತ್ತಾಯಿತು. ಹಿಂದಿನವರು ಕೆಮ್ಮುವವರೆಗೂ ಏಳಲಿಲ್ಲ.

"ಇವನೇ ಇರಲಿ" ಎಂದು ಹೊರಗೆ ಬಂದು ಹೇಳಿದೆ. ಅತ್ತೆ ಮೂಲೆಯ ಅಂಗಡಿಯಲ್ಲಿ ಗಾಜು ಹಾಕಿದ ಒಂದು ಚಿಕ್ಕ ಪಟ ಕೊಂಡು ಚೀಲದಲ್ಲಿ ಬದನೆಕಾಯಿಯ ಮೇಲಿಟ್ಟರು.

ಸಂಜೆ ನನ್ನವರು ಗೂಡು ನೋಡಿ, "ಇದೇನಮ್ಮ, ನಮ್ಮ ಮನೆದೇವರು ಸಾಲದೇ ಹೋದನೇ?" ಎಂದು ಕೇಳಿದರು.

"ನಿನಗೆ ಸಾಲುತ್ತಾನಲ್ಲ? ಕೈಕಾಲು ತೊಳೆದು ಬಾ" ಎಂದರು ಅತ್ತೆ. ನನ್ನವರು ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನದಿಂದ ವಿಠೋಬನ ಮುಂದೆ ಕೈ ಮುಗಿಯತೊಡಗಿದೆ. ಅದು ಭಕ್ತಿಯೋ ಅಲ್ಲವೋ ಹೇಳಲಾರೆ. ಏನನ್ನೂ ಕೇಳುತ್ತಿರಲಿಲ್ಲ. ಮುಂದೆ ಮನೆಯಲ್ಲಿ ಹೆರಿಗೆ, ಕಾಯಿಲೆ ಎಂದು ಬೇಡಿಕೊಳ್ಳುವ ಸಂದರ್ಭ ಬಂದಾಗಲೆಲ್ಲ ಅತ್ತೆಯೇ ನರಸಿಂಹನಲ್ಲಿ ಬೇಡಿಕೊಂಡರು, ಒಳಗೊಳಗೆ ಚಾಮುಂಡಿಯನ್ನೂ ಕರೆದಿರಬಹುದು. ನಾನು ಪಕ್ಕದಲ್ಲಿ ನಿಂತು ಗಂಟೆ ಅಲ್ಲಾಡಿಸುತ್ತಿದ್ದೆ. ಆ ಮರಗಟ್ಟಿದ ದಿನಗಳು ಯಾವಾಗ ಮುಗಿದವೋ ನೆನಪಿಲ್ಲ. ಪಟ ತಂದ ವರ್ಷವೇ ಆಷಾಢದಲ್ಲಿ ನೆರೆಮನೆಯ ಮರಾಠಿ ಹೆಂಗಸರು ವಿಠೋಬನ ಭಜನೆಗೆ ಕರೆದರು. ಪದಗಳು ಬರುತ್ತಿರಲಿಲ್ಲ. ಹೋಗಿ ಗೋಡೆಗೆ ಒರಗಿ ಕೂತು, ಅವರ ಜೊತೆ ಚಪ್ಪಾಳೆ ತಟ್ಟಿ ಬಂದೆ.