ಸತ್ತ ರಾಜನಿಗೆ ಹಾರ
ಮಂಡ್ಯದಲ್ಲಿ ಪೌರಾಣಿಕ ನಾಟಕ ಯಾರೇ ಆಡಿಸಲಿ, ರಾಜನ ಪಾರ್ಟು ಮಾತ್ರ ದುದ್ದದ ಗುಮಾಸ್ತ ಕೆಂಪರಾಜುವಿಗೇ. ಗದೆ ಹೊತ್ತ ಅವನ ಫ್ಲೆಕ್ಸು ತಿಂಗಳ ಮುಂಚೆಯೇ ಸರ್ಕಲ್ಲಿನಲ್ಲಿ ಮೀಸೆ ತಿರುವುತ್ತ ನಿಂತಿರುತ್ತದೆ. ಯುದ್ಧದಲ್ಲಿ ಬಿದ್ದು ಪ್ರಾಣ ಬಿಟ್ಟ ಮೇಲೂ, ನೆಂಟರು ಹಾರ ಹಿಡಿದು ರಂಗ ಹತ್ತಿದರೆ ಎದ್ದು ಕೂತು ಕೊರಳೊಡ್ಡಿ, ಮೊಬೈಲಿಗೆ ನಕ್ಕು, ಮತ್ತೆ ಸಾಯುತ್ತಾನೆ. "ಕಲೆ ನಮ್ಮ ರಕ್ತದಲ್ಲೇ ಅದೆ ಕಣ್ಲಾ" ಎನ್ನುತ್ತಾನೆ. ಆದರೆ ಅವನಿಗೆ ಪದ್ಯಗಳನ್ನೆಲ್ಲ ರಾಗ ಹಾಕಿ ಬಾಯಿಪಾಠ ಮಾಡಿಸಿದವಳು, ಒಲೆ ಮುಂದೆ ಮುದ್ದೆ ತೊಳಸುವ ಹೆಂಡತಿ ಪುಷ್ಪಾ. "ನಂಗೂ ಒಂದು ಪಾರ್ಟು ಕೊಡ್ಸಿ" ಎಂದು ಅವಳು ಒಮ್ಮೆ ಕೇಳಿದಾಗ, "ಮಾನಸ್ತರ ಮನೆ ಎಂಗಸ್ರು ಬಣ್ಣ ಅಚ್ಕತಾರೇನಮ್ಮಿ?" ಎಂದು ಗದರಿದ್ದ. ರಂಗದ ಮೇಲೆ ಪದ್ಯ ಮರೆತಾಗ ಮಾತ್ರ, ಈ ಮಾನಸ್ತನ ಕಣ್ಣು ಮುಂದಿನ ಸಾಲಿನಲ್ಲಿ ಕೂತ ಅವಳ ತುಟಿ ಬಿಟ್ಟು ಕದಲುವುದಿಲ್ಲ.