ಅಕ್ಕ ನೀರು ಕುಡಿದ ಸಭೆ

ನಮ್ಮಕ್ಕನ ಬಗ್ಗೆ ಈಗ ಪಾರ್ಕಿನ ಸುತ್ತಮುತ್ತ ಎರಡು ಮಾತು ಓಡಾಡುತ್ತಿವೆ. ನಾಚಿಕೆ ಬಿಟ್ಟವಳು ಎಂಬುದು ಒಂದು, ಗಟ್ಟಿಗಿತ್ತಿ ಎಂಬುದು ಇನ್ನೊಂದು. ಮೊದಲನೆಯ ಮಾತು ಆಡುವವರು ಒಮ್ಮೆ ನನ್ನ ಎದುರಿಗೆ ಬಂದು ಆಡಲಿ, ಆಮೇಲೆ ನೋಡಿಕೊಳ್ಳೋಣ. ಅವಳೇನೂ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಆದರೆ ಒಂದೇ ಒಲೆಯ ಮುಂದೆ ಇಷ್ಟು ವರ್ಷ ಜಗಳವಾಡಿದ ಮೇಲೆ ಒಡಹುಟ್ಟಿದವಳಾದರೇನು, ಓರಗಿತ್ತಿಯಾದರೇನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳಿ.

ಅಕ್ಕ ದರ್ಜಿ. ಪಾರ್ಕಿನ ಗೇಟಿನ ಪಕ್ಕದ ಮರದ ಕೆಳಗೆ ಅವಳ ಕಾಲ್ತುಳಿ ಮೆಷಿನ್ನು, ಒಂದು ಸ್ಟೂಲು, ಬಟ್ಟೆಯ ಗಂಟು. ಹೊಸ ಬಟ್ಟೆ ಹೊಲಿಯುವುದಿಲ್ಲ, ಬರೀ ರಿಪೇರಿ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಹರಿದ ಸ್ಕೂಲ್ ಬ್ಯಾಗಿಗೆ ಹೊಲಿಗೆ ಹಾಕುವುದು, ಕಿತ್ತ ಜಿಪ್ಪು ಕೂರಿಸುವುದು. ಈ ಜಿಪ್ಪಿನ ಕೆಲಸಕ್ಕೇ ಹೆಸರುವಾಸಿಯಾಗಿ ಎಲ್ಲರ ಬಾಯಲ್ಲೂ ‘ಜಿಪ್ಪಕ್ಕ’ ಆಗಿಹೋದಳು. ಗುಂಡಿ, ಕಾಜ ಬೇಕಾದ ಬಟ್ಟೆಗಳನ್ನು ಮನೆಗೆ ತಂದು ನನ್ನ ತೊಡೆಯ ಮೇಲೆ ಸುರಿಯುತ್ತಾಳೆ, ಆ ಕೆಲಸ ನಾನು ಮಾಡಿಕೊಡುತ್ತೇನೆ. ಒಂದು ಕಾಜ ವಾರೆಯಾದರೂ ಎತ್ತಿ ಮುಖಕ್ಕೆ ಹಿಡಿದು, “ಇದೇನು, ಇಲಿ ಕಡಿದ ತೂತಾ?” ಎನ್ನುತ್ತಾಳೆ. ಇಂಥ ಬಾಯಿ ಅವಳದು.

ಅವಳು ಯಾರಿಗೂ ಸೊಪ್ಪು ಹಾಕುವ ಪೈಕಿಯಲ್ಲ. ಒಮ್ಮೆ ಫುಟ್‌ಪಾತು ತೆರವು ಮಾಡುತ್ತೇವೆಂದು ಲಾರಿ ತಂದವರು ಅವಳ ಮೆಷಿನ್ನನ್ನು ಎತ್ತಿ ಲಾರಿಗೆ ಹಾಕಿದರು. ಬೇರೆಯವರಾಗಿದ್ದರೆ ಕೈಕಾಲು ಹಿಡಿಯುತ್ತಿದ್ದರು. ಇವಳು ತುಟಿ ಪಿಟಿಕ್ಕೆನ್ನದೆ ತಾನೂ ಲಾರಿ ಹತ್ತಿ, ಮೆಷಿನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. “ಇಳೀರಿ” ಎಂದರೆ, “ಮೆಷಿನ್ ಇಳಿಸಿ, ಅದರ ಹಿಂದೆ ನಾನೂ ಇಳೀತೀನಿ. ಅರ್ಜೆಂಟ್ ಕೆಲಸ ಇದೆ, ನೀವು ಗಾಡಿ ಓಡಿಸ್ತಾ ಇರಿ” ಎಂದಳಂತೆ. ಲಾರಿ ಪೇಟೆ ಸುತ್ತಿತು, ಲಾರಿಯ ಮೇಲೆ ಇವಳ ಹೊಲಿಗೆಯೂ ನಡೆಯಿತು. ಸಂಜೆ ಅವರೇ ವಾಪಸು ತಂದು ಅದೇ ಮರದ ಕೆಳಗೆ ಇಳಿಸಿದರು. ಡ್ರೈವರನ ಪ್ಯಾಂಟಿನ ಅಂಚು ಬಿಚ್ಚಿತ್ತೆಂದು ಅದನ್ನೂ ಹೊಲಿದು ಕಳಿಸಿದ್ದಳು.

ಇಂಥವಳು ಒಂದು ವಿಷಯಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡಿದ್ದಳು. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಚಹಾ ಕುಡಿದು ಹೊರಟರೆ ಕತ್ತಲಾಗಿ ಮನೆಗೆ ಬರುವವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ ಹೋಗುವುದು? ಮನೆ ಸೇತುವೆ ದಾಟಿ ಎಲ್ಲೋ ಇದೆ. ದಾರವನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಂಡಲ್ಲವೇ ದರ್ಜಿಗಳು ಸೂಜಿಗೆ ಪೋಣಿಸುವುದು? ಬಿಸಿಲುಗಾಲದ ಮಧ್ಯಾಹ್ನ ದಾರ ಒದ್ದೆಯಾಗುವಷ್ಟು ಎಂಜಲೂ ಅವಳ ಬಾಯಲ್ಲಿ ಇರುತ್ತಿರಲಿಲ್ಲ.

ಪಾರ್ಕಿನ ಒಳಗಡೆ ಹಿಂದಿನ ಮೂಲೆಯಲ್ಲಿ ಕಕ್ಕಸು ಇದೆ ಮಾರಾಯರೇ. ಹೆಂಗಸರ ಚಿತ್ರ ಬರೆದ ಬಾಗಿಲೂ ಇದೆ. ಕಟ್ಟಿದ ಹೊಸತರಲ್ಲಿ ಕೊಂಚ ದಿನ ತೆರೆದಿತ್ತು, ಆಮೇಲೆ ಗಲೀಜು ಎಂದು ಬೀಗ ಬಿತ್ತು. ಒಳಗೆ ಬಡಾವಣೆ ಸಂಘದವರು ತಮ್ಮ ಮುರಿದ ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಮೈಕು ತುಂಬಿಸಿಟ್ಟರು. ಗಂಡಸರ ಕಡೆಗೂ ಬೀಗವೇ, ಆದರೆ ಗಂಡಸರಿಗೆ ಏನು, ಇಡೀ ಕಾಂಪೌಂಡು ಗೋಡೆ ಇದೆ.

ಕಳೆದ ಬೇಸಿಗೆಯಲ್ಲಿ ಅಕ್ಕ ಮೆಷಿನ್ನಿನ ಮೇಲೇ ಕುಸಿದಳು. ಜ್ವರ, ನಡುಕ, ಹೊಟ್ಟೆಯ ಕೆಳಗೆ ಚೂರಿ ಆಡಿಸಿದಂಥ ನೋವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಕೇಳಿ ತಿಳಿದುಕೊಂಡು ಅವಳನ್ನು ಬೈದೇಬಿಟ್ಟರು.

“ಸೋಂಕು ಕಿಡ್ನಿಗೇ ಏರಿದೆ. ದಿನವಿಡೀ ನೀರು ಕುಡೀಬೇಕು, ಬಂದಾಗ ತಡೀದೆ ಹೋಗ್ಬೇಕು. ಅದು ಆಗಲ್ಲ ಅಂದ್ರೆ ಆ ಕೆಲಸ ಬಿಟ್ಬಿಡಿ. ಇನ್ನೂ ಹೀಗೇ ಮಾಡಿದ್ರೆ ಕಿಡ್ನಿ ಕೈಕೊಡತ್ತೆ, ಆಮೇಲೆ ನನ್ನ ಹತ್ರ ಬರಬೇಡಿ.”

ಮನೆಗೆ ಬಂದ ಮೇಲೆ ಭಾವನವರೂ, “ಸಾಕು ಬಿಡೇ, ಮನೇಲೇ ಇರು” ಎಂದರು. ಅಕ್ಕ ಹಾಸಿಗೆಯಿಂದಲೇ ಗುಟುರು ಹಾಕಿದಳು. “ನಮ್ಮ ಗಲ್ಲಿಗೆ ಯಾರು ಬರ್ತಾರೆ ಜಿಪ್ ಹಾಕಿಸ್ಕೊಳ್ಳೋಕೆ, ಬೆಕ್ಕಾ? ಆ ಮರದ ಕೆಳಗೆ ಕೂತು ಕೂತು ನಾನು ಜಾಗ ಮಾಡ್ಕೊಂಡಿದೀನಿ. ಒಂದು ಉಚ್ಚೆಗೋಸ್ಕರ ಬಿಟ್ಕೊಡ್ಲಾ?”

ಅವಳು ಏಳುವವರೆಗೆ ಜಾಗ ಕೈತಪ್ಪದಿರಲೆಂದು ಆ ವಾರ ಮೆಷಿನ್ನಿಗೆ ನಾನು ಕೂತೆ. ಮೊದಲ ದಿನ ಬುದ್ಧಿಯಿಲ್ಲದೆ ಬಾಟಲಿ ತುಂಬ ನೀರು ಒಯ್ದು ಕುಡಿದುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಪೆಡಲು ತುಳಿಯಲೂ ಹೆದರಿಕೆ. ಬಸ್ಸಿನಲ್ಲಿ ನಿಂತು, ಗುಂಡಿ ಬಂದಾಗಲೆಲ್ಲ ಡ್ರೈವರಿಗೆ ಶಾಪ ಹಾಕುತ್ತ ಮನೆ ತಲುಪಿ, ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ. “ಏನೇ ಇದು, ಮನೆಗೆ ಬೆಂಕಿ ಬಿತ್ತಾ?” ಎಂದು ಅತ್ತೆ ಹೊರಗೆ ಕೂಗಿಕೊಂಡರು. ನಾನು ಒಳಗೆ ಅಳುತ್ತಿದ್ದೆ. ಅಕ್ಕ ಇದನ್ನು ದಿನಾ ಹಲ್ಲು ಕಚ್ಚಿ ಸಹಿಸಿದ್ದಾಳಲ್ಲ ಎಂದು ನೆನೆದು ಹೊಟ್ಟೆ ಉರಿದುಹೋಯಿತು.

ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ ಹೊತ್ತಿಗೇ ಗೇಟಿನಲ್ಲಿ ಬೋರ್ಡು ಬಂತು. ಪಾರ್ಕನ್ನು ಮೇಲ್ದರ್ಜೆಗೆ ಏರಿಸುತ್ತಾರಂತೆ, ಭಾನುವಾರ ಬೆಳಿಗ್ಗೆ ಸಭೆಯಂತೆ, ಸಾರ್ವಜನಿಕರು ಬಂದು ಅಭಿಪ್ರಾಯ ಹೇಳಬೇಕಂತೆ. “ನಾವೂ ಸಾರ್ವಜನಿಕರೇ ತಾನೆ?” ಎಂದಳು ಅಕ್ಕ. ನನ್ನನ್ನೂ ಎಳೆದುಕೊಂಡು ಹೋದಳು.

ಸಭೆ ಪಾರ್ಕಿನೊಳಗೇ. ಮುಂದೆ ಸ್ಟ್ಯಾಂಡಿನ ಮೇಲೆ ದೊಡ್ಡ ಬಣ್ಣದ ನಕ್ಷೆ, ಅದರ ಪಕ್ಕ ಇಂಜಿನಿಯರು. ಮೇಜಿನ ಮೇಲೆ ಅತಿಥಿಗಳಿಗೆಂದು ನೀರಿನ ಬಾಟಲಿಗಳ ಸಾಲು. ಸಂಘದ ಅಧ್ಯಕ್ಷರಿಗೆ ಮಾತ್ರ ಅವರ ಮನೆಯಿಂದಲೇ ತಂದ ಮೆತ್ತನೆಯ ಕುರ್ಚಿ, ಉಳಿದವರಿಗೆ ಬಾಡಿಗೆಗೆ ತಂದ ಪ್ಲಾಸ್ಟಿಕ್ಕಿನವು. ಇಂಜಿನಿಯರು ಕೋಲು ಹಿಡಿದು ಒಂದೊಂದೇ ತೋರಿಸಿದ: ಇಲ್ಲಿ ರಬ್ಬರಿನ ಟ್ರ್ಯಾಕು, ಇಲ್ಲಿ ವ್ಯಾಯಾಮದ ಯಂತ್ರಗಳು, ನಡುವೆ ಸಂಗೀತದ ಕಾರಂಜಿ. ಕೋಲು ಹಿಂದಿನ ಮೂಲೆಗೆ ಹೋಯಿತು. “ಇಲ್ಲೊಂದು ಹಳೇ ಕಟ್ಟಡ ಇದೆ, ಅದನ್ನ ಕೆಡವಿ ಸೆಲ್ಫಿ ಪಾಯಿಂಟ್ ಮಾಡ್ತೀವಿ.”

ಅಕ್ಕ ನನ್ನ ಮೊಣಕೈ ಹಿಂಡಿದಳು. ಅದೇ ಕಕ್ಕಸು!

ಜನ ಅಭಿಪ್ರಾಯ ಹೇಳಿದರು, ನೋಡಿ, ಏನು ಅಭಿಪ್ರಾಯ! ಒಬ್ಬರಿಗೆ ಕಾರಂಜಿಗೆ ಬಣ್ಣದ ದೀಪ ಬೇಕು. ಒಬ್ಬರಿಗೆ ನಾಯಿಗಳಿಗೆ ಬೇರೆ ಜಾಗ ಬೇಕು. ಬೆಂಚಿನ ಮೇಲೆ ಯಾರೂ ಮಲಗದ ಹಾಗೆ ನಡುವೆ ಕಂಬಿ ಹಾಕಿ ಎಂದರು ಒಬ್ಬ ಹಿರಿಯರು. ಹೆಂಗಸರು ಮಕ್ಕಳಿಗೆ ಜೋಕಾಲಿ ಕೇಳಿದರು, ತಮಗೆ ಅಂತ ಏನೂ ಕೇಳಲಿಲ್ಲ. ಅಕ್ಕ ಎತ್ತಿದ ಕೈ ಹಾಗೇ ಇತ್ತು. ಅಧ್ಯಕ್ಷರು “ಆಮೇಲಮ್ಮಾ, ಆಮೇಲೆ” ಎನ್ನುತ್ತಲೇ ಇದ್ದರು. ಕಡೆಗೆ ಅವಳೇ ಎದ್ದು ನಿಂತಳು.

“ಸಾರ್, ಆ ಕಕ್ಕಸು ಕೆಡವಬೇಡಿ. ಬೀಗ ತೆಗೀರಿ.”

ಹಿಂದಿನಿಂದ ಕಿಸಕ್ಕೆಂದು ನಗು. ಅಧ್ಯಕ್ಷರು ಮೂಗು ಮುರಿದು, “ಹೆಂಗಸರು ಮಕ್ಕಳು ಇದಾರೆ. ಶೌಚಾಲಯ ಅನ್ನಮ್ಮ” ಎಂದರು.

“ಶೌಚಾಲಯ ಅಂದ್ರೆ ಬಾಗಿಲು ತೆಗೀತೀರಾ? ಹಾಗಾದ್ರೆ ನೂರು ಸಲ ಅಂತೀನಿ.”

ಇಂಜಿನಿಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ನಿರ್ವಹಣೆ ಕಷ್ಟ, ವಾಸನೆ, ಕಂಡಕಂಡವರೆಲ್ಲ ಬರುತ್ತಾರೆ, ಆದರೂ ಜನರ ಇಚ್ಛೆ ಇದ್ದರೆ ನೋಡಬಹುದು ಎಂದ. ಅಧ್ಯಕ್ಷರು ಅದನ್ನೇ ಹಿಡಿದುಕೊಂಡರು. “ಸರಿ, ಪ್ರಜಾಪ್ರಭುತ್ವ. ಶೌಚಾಲಯ ಬೇಕು ಅನ್ನೋರು ಕೈ ಎತ್ತಿ.”

ಅಕ್ಕ ಕೈ ಎತ್ತಿದಳು, ನಾನು ಎತ್ತಿದೆ. ಅಷ್ಟೇ. ನಾನು ಹಿಂದೆ ತಿರುಗಿ ಹೆಂಗಸರ ಸಾಲು ನೋಡಿದೆ. ಪಕ್ಕದಲ್ಲಿ ಗಂಡಂದಿರು, ಮಾವಂದಿರು. ಒಬ್ಬಳು ನೆಲ ನೋಡುತ್ತಿದ್ದಳು, ಒಬ್ಬಳು ಮಗುವಿನ ತಲೆ ಸವರುತ್ತಿದ್ದಳು, ಅಧ್ಯಕ್ಷರ ಹೆಂಡತಿ ಕೈಚೀಲದಲ್ಲಿ ಇಲ್ಲದ್ದನ್ನೇನೋ ಹುಡುಕುತ್ತಿದ್ದರು. ನಾಲ್ಕು ಬೈದುಬಿಡಬೇಕು ಅನ್ನಿಸಿತು ನನಗೆ.

“ಎಣಿಸಿಕೊಳ್ಳಿ ಇಂಜಿನಿಯರೇ, ಎರಡು” ಎಂದು ಅಧ್ಯಕ್ಷರು ನಕ್ಕರು. “ಜನರೇ ಹೇಳಿಬಿಟ್ರಲ್ಲ. ಮುಂದಿನ ವಿಷಯ, ಕಾರಂಜಿ.” ಎದ್ದು ನಕ್ಷೆಯ ಹತ್ತಿರ ಹೋದರು.

ಅಕ್ಕ ಮುಂದೆ ನಡೆದಳು. ಜಗಳಕ್ಕೆ ಹೋದಳು ಎಂದುಕೊಂಡೆ. ಅವಳು ಮೇಜಿನ ಮೇಲಿನ ಒಂದು ಬಾಟಲಿ ಎತ್ತಿ, ಮುಚ್ಚಳ ತಿರುಗಿಸಿ, ಗಟಗಟನೆ ಕುಡಿದಳು. ಖಾಲಿ ಬಾಟಲಿ ಇಟ್ಟು ಇನ್ನೊಂದು ಎತ್ತಿದಳು. ಅದೂ ಮುಗಿಯಿತು. ಮತ್ತೊಂದು. ಗಲ್ಲದಿಂದ ನೀರು ಇಳಿದು ಕೊರಳು ತೊಯ್ದಿತ್ತು. ಆಮೇಲೆ ಬಾಯಿ ಒರೆಸಿಕೊಂಡು ಅಧ್ಯಕ್ಷರ ಮೆತ್ತನೆಯ ಕುರ್ಚಿಯಲ್ಲಿ ಹೋಗಿ ಕೂತಳು.

“ಏನಮ್ಮಾ ಇದು?” ಎಂದರು ಅಧ್ಯಕ್ಷರು.

“ನೀರು ಕುಡಿದೆ ಸಾರ್. ಕುಡಿದೇ ಇದ್ರೆ ಕಿಡ್ನಿ ಹೋಗತ್ತೆ ಅಂದಿದಾರೆ ಡಾಕ್ಟ್ರು. ಕುಡಿದ್ರೆ ಹೋಗೋಕೆ ಜಾಗ ಇಲ್ಲ ಅಂತೀರಿ ನೀವು. ನಾನಿನ್ನು ಇಲ್ಲಿಂದ ಏಳಲ್ಲ. ಬಂದಾಗ ಇಲ್ಲೇ.”

ಜನರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಗೊಳ್ಳೆಂದು ನಗು. ಅಧ್ಯಕ್ಷರು ಬಾಯಿ ಬಡಿದುಕೊಂಡರು: “ಅಯ್ಯಯ್ಯೋ, ಅದು ನಮ್ಮನೆ ಕುರ್ಚಿ!”

“ಗೊತ್ತು ಸಾರ್. ಅದಕ್ಕೇ ಇದ್ರಲ್ಲಿ ಕೂತಿದ್ದು.”

ಜಪ್ಪಯ್ಯ ಎಂದರೂ ಏಳಲಿಲ್ಲ. ಇಂಜಿನಿಯರು ಕಾರಂಜಿಯಲ್ಲಿ ನೀರು ಹೇಗೆ ಚಿಮ್ಮುತ್ತದೆ ಎಂದು ವಿವರಿಸಲು ಹೊರಟು, ಅಕ್ಕನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿ ಇಂಗು ತಿಂದ ಮಂಗನ ಹಾಗೆ ನಿಂತ. ಹೊತ್ತು ಹೋಯಿತು. ಕುರ್ಚಿಯ ಕೈ ಹಿಡಿದ ಅಕ್ಕನ ಬೆರಳು ಬೆಳ್ಳಗಾದವು, ಹಣೆಯಲ್ಲಿ ಬೆವರು ಮೂಡಿತು. ಆಸ್ಪತ್ರೆಯಲ್ಲಿ ನೋವು ಬಂದಾಗಲೂ ಅವಳು ಹೀಗೇ ತುಟಿ ಕಚ್ಚಿದ್ದಳು. ನಗು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

ಅಧ್ಯಕ್ಷರು ಬಗ್ಗಿ ಮೆಲ್ಲಗೆ, “ಇಲ್ಲೇ ಎದುರಿಗೇ ನಮ್ಮನೆ. ಹೋಗಿಬಾಮ್ಮ, ನಾನೇನೂ ಅನ್ಕೊಳಲ್ಲ” ಎಂದರು.

“ನಾಳೆ?” ಎಂದಳು ಅಕ್ಕ.

“ನಾಳೆ ಏನಮ್ಮಾ?” ಎಂದರು ಅವರು.

“ನಾಳೆ ಮಧ್ಯಾಹ್ನ ಬಂದ್ರೆ ತೆಗೀತೀರಾ? ನಾಡಿದ್ದು? ಮಳೆಗಾಲದಲ್ಲಿ, ಕೆಸರು ಕಾಲಲ್ಲಿ? ನಿಮ್ಮನೆ ಬಾಗಿಲು ನಿಮಗೇ ಇರಲಿ ಸಾರ್. ಆ ಮೂಲೇಲಿರೋದು ನಮ್ಮೆಲ್ಲರ ಬಾಗಿಲು, ಅದನ್ನ ತೆಗೀರಿ.” ಹೇಳುವಾಗ ಧ್ವನಿ ನಡುಗಿತು, ಆದರೆ ತಗ್ಗಲಿಲ್ಲ. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ.

ಆಗ ಹೆಂಗಸರ ಸಾಲಿನಿಂದ ಅಧ್ಯಕ್ಷರ ಹೆಂಡತಿ ಎದ್ದರು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ವಾಕಿಂಗಿಗೆ ಬರುತ್ತಾರೆ, ಬಂದ ಕೂಡಲೇ ವಾಪಸು ಹೋಗುತ್ತಾರೆ. ಸೀದಾ ಮೇಜಿಗೆ ಬಂದು ಒಂದು ಬಾಟಲಿ ತೆಗೆದುಕೊಂಡರು.

“ನೀನು ಕೂತ್ಕೋ ಹೋಗು!” ಎಂದರು ಅಧ್ಯಕ್ಷರು.

“ಕೂತಿದ್ದು ಸಾಕು. ಮೊಣಕಾಲು ನೋವು ಅಂತ ಒಂದೇ ಸುತ್ತಿಗೆ ಮನೆಗೆ ಓಡಿ ಬರ್ತೀನಲ್ಲ, ನನ್ನ ಮೊಣಕಾಲು ಕಲ್ಲಿನ ಹಾಗಿದೆ. ಇಷ್ಟು ವರ್ಷದಲ್ಲಿ ಯಾಕೆ ಓಡ್ತೀಯ ಅಂತ ಒಂದು ದಿನ ಕೇಳಿದ್ರಾ?” ಎಂದು ಬಾಟಲಿ ಎತ್ತಿ ಕುಡಿದರು. ಅವರ ಹಿಂದೆ ಮಗುವಿನ ತಾಯಿ ಬಂದಳು. ಆಮೇಲೆ ನೆಲ ನೋಡುತ್ತಿದ್ದವಳು. ಮೇಜಿನ ಮೇಲೆ ಬಾಟಲಿ ಸಾಲದೆ ಹೋಯಿತು.

ಅಧ್ಯಕ್ಷರ ಹೆಂಡತಿಯೇ ಪಾರ್ಕಿನ ಮಾಲಿಯನ್ನು ಕರೆದು, “ಬೀಗದ ಕೈ ತಗೊಂಡು ಬಾ” ಎಂದರು. ಅವನು ಅಧ್ಯಕ್ಷರ ಮುಖ ನೋಡಿದ. “ಅಲ್ಲೇನು ನೋಡ್ತೀಯ, ಇಲ್ಲಿ ನೋಡು” ಎಂದದ್ದೇ ತಡ, ಓಡಿದ. ತುಕ್ಕು ಹಿಡಿದ ಬೀಗ ತಿರುಗಲಿಲ್ಲ. ಕಲ್ಲು ಎತ್ತಿ ಕುಟ್ಟಿದ. ಕುರ್ಚಿ, ಮೈಕು, ಹಳೆಯ ಬ್ಯಾನರುಗಳೆಲ್ಲ ಹುಲ್ಲಿನ ಮೇಲೆ ಬಂದು ಬಿದ್ದವು. ಒಳಗೆ ಜೇಡರ ಬಲೆ, ದೂಳು. ವಾಲ್ವು ತಿರುಗಿಸಿದಾಗ ನಲ್ಲಿ ಕೆಮ್ಮಿ ಕೆಮ್ಮಿ ಕಂದು ನೀರು ಕಾರಿ, ಆಮೇಲೆ ತಿಳಿಯಾಯಿತು. ಮಾಲಿ ಪೊರಕೆ ಹಿಡಿದು ಒಳಗೆ ನುಗ್ಗಿ ತೊಳೆದು ಹೊರಬಂದ.

ಅಕ್ಕ ಎದ್ದಳು. ನನ್ನ ಭುಜ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆದು, ಇಡೀ ಸಭೆಯ ಕಣ್ಣೆದುರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕಾವಲು ನಿಂತೆ. ಒಬ್ಬ ಗಂಡಸು ಕೆಮ್ಮಿದ. ಅವನನ್ನು ಎಂಥ ನೋಟ ನೋಡಿದೆನೆಂದರೆ ಆಮೇಲೆ ಯಾರೂ ಕೆಮ್ಮಲಿಲ್ಲ.

ಅವಳು ಹೊರಬಂದಾಗ ಬಾಗಿಲ ಮುಂದೆ ಅಧ್ಯಕ್ಷರ ಹೆಂಡತಿ ನಿಂತಿದ್ದರು. ಅವರ ಹಿಂದೆ ಮಗುವಿನ ತಾಯಿ, ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೈ ಎತ್ತದೆ ಕೂತಿದ್ದ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಸಾಲು ಜೋಕಾಲಿಯನ್ನು ಬಳಸಿಕೊಂಡು ನಕ್ಷೆಯ ಸ್ಟ್ಯಾಂಡಿನವರೆಗೂ ಹೋಗಿತ್ತು. ಅಕ್ಕ ಆ ಸಾಲಿನ ಪಕ್ಕದಲ್ಲೇ ನಡೆದುಕೊಂಡು ಹೋಗಿ ಇಂಜಿನಿಯರನ ಮುಂದೆ ನಿಂತಳು.

“ಈಗ ಎಣಿಸಿ ಸಾರ್” ಎಂದಳು.